ಎತ್ತಿನ ಗಾಲಿ, ಎಂಜಿನ್ನಿನ ಗಾಲಿ

ಗಾಲಿ ದೊಡ್ಡದಾದಷ್ಟೂ ಎತ್ತಿಗೆ ಹಗುರ ಎಂಬುದನ್ನು ವಿಜಯಪುರ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಅವನು ಪುಸ್ತಕದಿಂದ ಕಲಿತವನಲ್ಲ. ಡೋಣಿಯ ದಂಡೆಯ ಎರೆಭೂಮಿಯೇ ಅವನಿಗೆ ಕಲಿಸಿದೆ. ಬೇಸಗೆಯಲ್ಲಿ ಬಿರಿದು ಅಂಗೈ ಹಿಡಿಸುವಷ್ಟು ಬಾಯಿ ತೆರೆಯುವ ಈ ಕರಿಮಣ್ಣು, ಎರಡು ಮಳೆ ಬಿದ್ದರೆ ಸಾಕು, ನಾದಿದ ಕಣಕದಂತಾಗಿ ಕಾಲನ್ನೂ ಗಾಲಿಯನ್ನೂ ಒಂದೇ ಸಮನೆ ಹಿಡಿದು ನಿಲ್ಲಿಸುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಆ ಹೊಳೆಯನ್ನು ಕೊಂಡಾಡುವ ಜನರೇ, ಆ ಕಾಳನ್ನು ಹೊಲದಿಂದ ಓಣಿಗೆ ತರುವ ಹೊತ್ತಿಗೆ ಅದೇ ಮಣ್ಣನ್ನು ಶಪಿಸುವುದುಂಟು.

ಅದಕ್ಕಾಗಿಯೇ ಹಿಂದಿನವರು ಚಕ್ಕಡಿಗೆ ಎದೆಯುದ್ದದ ಗಾಲಿಗಳನ್ನು ಮಾಡಿಸುತ್ತಿದ್ದರು. ದೊಡ್ಡ ಗಾಲಿ ಮಣ್ಣಿನಲ್ಲಿ ಕಡಿಮೆ ಹೂಳುತ್ತದೆ. ದಾರಿಯಲ್ಲಿ ಕಲ್ಲೊಂದು ಅಡ್ಡಬಂದರೆ ಸಣ್ಣ ಗಾಲಿ ಗೋಡೆಗೆ ಹಾಯ್ದಂತೆ ಹಾಯುತ್ತದೆ, ದೊಡ್ಡ ಗಾಲಿ ಮೆಟ್ಟಿಲು ಹತ್ತಿದಂತೆ ಹತ್ತಿ ಇಳಿಯುತ್ತದೆ. ಇನ್ನು ಅಚ್ಚಿನ ತಿಕ್ಕಾಟ. ಕಬ್ಬಿಣದ ಅಚ್ಚಿನ ಸುತ್ತ ಗಾಲಿಯ ಗುಂಬ ತಿರುಗುವಾಗ ಆಗುವ ಆ ತಿಕ್ಕಾಟವನ್ನು ಗೆಲ್ಲಲು ಗಾಲಿಯ ಅರೆಗಳೇ ಸನ್ನೆಗೋಲಾಗುತ್ತವೆ. ಕೋಲು ಉದ್ದವಾದಷ್ಟೂ ಶ್ರಮ ಕಡಿಮೆ. ಈ ಮೂರು ಲಾಭಗಳೂ ಎತ್ತಿನ ಹೆಗಲಿಗೆ ನೇರವಾಗಿ ಸಲ್ಲುತ್ತವೆ. ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಇಂದಿಗೂ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿದವರಿಗೆ ಭಾರವೆಂದರೇನೆಂಬುದು ಗೊತ್ತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ನಿನ ಆ ತೋಪನ್ನು ಇಲ್ಲಿಗೆ ಎಳೆದು ತರಲು 10 ಆನೆಗಳೂ 400 ಎತ್ತುಗಳೂ ನೂರಾರು ಆಳುಗಳೂ ಬೇಕಾದರೆಂದು ಜನ ಹೇಳುತ್ತಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಎಷ್ಟಿದೆಯೋ. ಎಳೆಯುವ ಕೆಲಸದ ಕಷ್ಟದಲ್ಲಿ ಮಾತ್ರ ಉತ್ಪ್ರೇಕ್ಷೆಯಿರಲಾರದು.

ಆನೆಯ ಮಾತು ಬಂದದ್ದು ಒಳ್ಳೆಯದಾಯಿತು. ಏಕೆಂದರೆ ಈಗ ಈ ಸೀಮೆಯ ಭಾರವನ್ನೆಲ್ಲ ಹೊರುತ್ತಿರುವುದು ಒಂದು ಸಣ್ಣ ಆನೆಯೇ. 2005ರಲ್ಲಿ ಟಾಟಾ ಕಂಪನಿಯವರು ಏಸ್ ಎಂಬ ಕಿರಿಯ ಸರಕು ವಾಹನವನ್ನು ಹೊರತಂದಾಗ ಅದಕ್ಕಿದ್ದದ್ದು ಎರಡು ಸಿಲಿಂಡರಿನ, 702 ಘನ ಸೆಂಟಿಮೀಟರಿನ, 16 ಅಶ್ವಶಕ್ತಿಯ ಡೀಸೆಲ್ ಎಂಜಿನು. ಹೊರಬೇಕಾದ ಭಾರ ಮುಕ್ಕಾಲು ಟನ್ನು. ಜನ ಅದರ ಗಾತ್ರವನ್ನೂ ಗೇಮೆಯನ್ನೂ ನೋಡಿ ಛೋಟಾ ಹಾಥಿ ಎಂದು ಕರೆದರು, ಹೆಸರು ನಿಂತಿತು. ಅದರ ಬೆನ್ನಿಗೆ ಬೇರೆ ಬೇರೆ ಕಂಪನಿಗಳ ಪಿಕಪ್ಪುಗಳೂ ಬಂದವು. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಿಗೆ ಇವು ಹೇಳಿಮಾಡಿಸಿದಂತಹ ಗಾಡಿಗಳು. ಫೆಬ್ರವರಿಯಿಂದ ಏಪ್ರಿಲಿನವರೆಗೆ ಹಸಿ ದ್ರಾಕ್ಷಿಯ ಕ್ರೇಟುಗಳು ತೋಟದಿಂದ ಒಣಗಿಸುವ ಶೆಡ್ಡಿಗೆ. ಅನಂತರ ಒಣದ್ರಾಕ್ಷಿಯ ಪೆಟ್ಟಿಗೆಗಳು ಶೆಡ್ಡಿನಿಂದ ವಿಜಯಪುರದ ಮಾರುಕಟ್ಟೆಗೆ, ಇಲ್ಲವೆ ಗಡಿ ದಾಟಿ ತಾಸಗಾಂವದ ಪೇಟೆಗೆ. ಮರಳಿ ಬರುವಾಗ ಗೊಬ್ಬರ, ಔಷಧಿ, ಹಂದರದ ತಂತಿ. ಹೀಗೆ ವರ್ಷವಿಡೀ ಓಡಾಟ.

ಆದರೆ ಈ ಸಣ್ಣ ಆನೆಯ ಕಾಲು ಬಹಳ ಗಿಡ್ಡ. ಮೊದಲ ಏಸ್ ಗಾಡಿಯ ಟೈರಿನ ಅಳತೆ 145 ಆರ್ 12. ಅಂದರೆ ಟೈರಿನ ಅಗಲ 145 ಮಿಲಿಮೀಟರು, ಒಳಗಿನ ರಿಮ್ಮಿನ ಅಡ್ಡಳತೆ 12 ಅಂಗುಲ, ನಡುವಿನ ‘ಆರ್’ ಎಂಬುದು ರೇಡಿಯಲ್ ಟೈರೆಂಬ ಗುರುತು. ನೆಲದಿಂದ ನೆತ್ತಿಯವರೆಗೆ ಅಳೆದರೆ ಸುಮಾರು 542 ಮಿಲಿಮೀಟರು. ಮೊಳಕಾಲಿಗಿಂತ ಒಂದಿಷ್ಟು ಮೇಲೆ. ಚಕ್ಕಡಿಯ ಗಾಲಿಯನ್ನು ನೋಡಿ ಬೆಳೆದವರ ಕಣ್ಣಿಗೆ ಇದು ಆಟಿಕೆಯಂತೆ ಕಂಡರೆ ಆಶ್ಚರ್ಯವಿಲ್ಲ.

ತಿಕೋಟಾದ ಸಮೀಪದ ಒಂದು ಹಳ್ಳಿಯ ಮುದುಕರೊಬ್ಬರಿಗೆ ಅದು ಹಾಗೆಯೇ ಕಂಡಿತು. ತಮ್ಮ ಹರೆಯದಲ್ಲಿ ಅವರು ಬಾಡಿಗೆಗೆ ಚಕ್ಕಡಿ ಹೂಡಿದವರು. ಯಾವ ಎತ್ತು ಯಾವ ಏರಿನಲ್ಲಿ ನಿಲ್ಲುತ್ತದೆ, ಯಾವ ಹಳ್ಳದಲ್ಲಿ ಗಾಲಿ ಎಷ್ಟು ಇಳಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರ ಮಗ ಚಕ್ಕಡಿಯನ್ನು ಬಿಟ್ಟು, ಸಾಲ ಮಾಡಿ ಪಿಕಪ್ಪು ಕೊಂಡವನು. ತಿಂಗಳು ತಿಂಗಳು ಕಂತು ಕಟ್ಟಬೇಕು. ಕಂತು ತಪ್ಪಿದರೆ ಫೈನಾನ್ಸಿನವರು ಗಾಡಿಯನ್ನೇ ಒಯ್ಯುತ್ತಾರೆ. ಮಗನ ಗಾಡಿ ಮುಂಗಾರಿನ ಒಂದು ಸಂಜೆ ತೋಟದ ದಾರಿಯಲ್ಲಿ ಹೊಟ್ಟೆ ಊರಿ ನಿಂತಿತು. ಟ್ರ್ಯಾಕ್ಟರು ಬಂದು ಎಳೆಯುವ ಹೊತ್ತಿಗೆ ರಾತ್ರಿಯಾಗಿತ್ತು. ಮುದುಕರು ರಾಡಿಯಲ್ಲಿ ನಿಂತು ಅಷ್ಟನ್ನೂ ನೋಡಿದರು.

“ತಮ್ಮಾ, ಗಾಡೀದು ಏನೂ ತಪ್ಪಿಲ್ಲ. ಗಾಲಿ ಸಣ್ಣವು ಅದಾವ. ದೊಡ್ಡ ಗಾಲಿ ಹಾಕಸು, ಹಗೂರ ಆಕ್ಕೈತಿ. ಎಣ್ಣಿನೂ ಉಳೀತೈತಿ” ಎಂದರು.

ಮಗನಿಗೂ ಅದು ಸರಿಯೆನಿಸಿತು. ವಿಜಯಪುರಕ್ಕೆ ಹೋದವನು 13 ಅಂಗುಲದ ರಿಮ್ಮುಗಳನ್ನೂ ಅವಕ್ಕೆ ಹೊಂದುವ 155 ಆರ್ 13 ಅಳತೆಯ ಟೈರುಗಳನ್ನೂ ಹಾಕಿಸಿಕೊಂಡು ಬಂದ. ರಾಡಿಯಲ್ಲಿ ಕಚ್ಚಿ ಹಿಡಿಯಲೆಂದು, ಟೈರಿನ ಅಂಗಡಿಯವರು ಲಗ್ ಎಂದು ಕರೆಯುವ ಆಳವಾದ ಅಡ್ಡಕಟ್ಟಿನ ಟೈರುಗಳನ್ನೇ ಆರಿಸಿದ್ದ. ಗಾಡಿ ನಿಂತಲ್ಲಿಯೇ ಎದೆ ಸೆಟೆಸಿದಂತೆ ಕಂಡಿತು. ಓಣಿಯ ಹುಡುಗರು ಸುತ್ತ ಸೇರಿದರು. ತಂದೆಗೆ ಸಮಾಧಾನವಾಯಿತು.

ಆ ಸಮಾಧಾನ ಒಂದು ತಿಂಗಳು ಬಾಳಿತು. ಮಗ ಲೆಕ್ಕದ ಮನುಷ್ಯ. ಡೀಸೆಲ್ ಹಾಕಿಸಿದಾಗಲೆಲ್ಲ ಲೀಟರನ್ನೂ ಕಿಲೋಮೀಟರನ್ನೂ ಪುಟ್ಟ ಪುಸ್ತಕದಲ್ಲಿ ಬರೆದಿಡುವ ಪರಿಪಾಠದವನು. ಹಳೆಯ ಟೈರುಗಳಿದ್ದಾಗ ಗಾಡಿಯ ‘ಎವರೇಜು’ ಲೀಟರಿಗೆ 18 ಕಿಲೋಮೀಟರಿನ ಸುತ್ತಮುತ್ತ ಇತ್ತು. ಈಗ ಎಷ್ಟು ಸಲ ಭಾಗಿಸಿದರೂ 16ರ ಮೇಲೆ ಒಂದಿಷ್ಟು. ಎಣ್ಣೆ ಉಳಿಯುವುದಿರಲಿ, ಲೀಟರಿಗೆ ಒಂದೂಮುಕ್ಕಾಲು ಕಿಲೋಮೀಟರು ಕಳೆದುಹೋಗಿತ್ತು. ಮನೆಯಲ್ಲಿ ಮಾತು ಬೆಳೆಯಿತು. ಮಗ ಬಾಯಿ ಬಿಟ್ಟು ತಂದೆಯನ್ನು ದೂರಲಿಲ್ಲ. ಆದರೆ ಪುಸ್ತಕವನ್ನು ಅವರ ಎದುರಿಗೇ ಇಟ್ಟು ಎದ್ದು ಹೋಗುವುದನ್ನು ರೂಢಿ ಮಾಡಿಕೊಂಡ. ಓದು ಬಾರದ ಮುದುಕರಿಗೆ ಆ ಪುಸ್ತಕ ಏನು ಹೇಳುತ್ತದೆಂಬುದು ತಿಳಿಯದೆ ಇರಲಿಲ್ಲ. ಐವತ್ತು ವರ್ಷ ಗಾಲಿಯ ಹಿಂದೆ ನಡೆದವನ ಮಾತು ಸುಳ್ಳಾಯಿತೆಂಬ ನೋವು ಡೀಸೆಲ್ಲಿನ ಖರ್ಚಿಗಿಂತ ದೊಡ್ಡದು.

ಇಂತಹ ವ್ಯಾಜ್ಯಗಳು ಹಳ್ಳಿಯಲ್ಲಿ ಸಾಮಾನ್ಯವಾಗಿ ಪಂಕ್ಚರ್ ಅಂಗಡಿಯ ಮುಂದೆ ಇತ್ಯರ್ಥವಾಗುತ್ತವೆ, ಇಲ್ಲವೆ ಇತ್ಯರ್ಥವಾಗದೆ ಉಳಿಯುತ್ತವೆ. ಈ ವ್ಯಾಜ್ಯದ ಅದೃಷ್ಟಕ್ಕೆ ಬಬಲೇಶ್ವರದ ಕಡೆಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು ತಮ್ಮ ಒಣದ್ರಾಕ್ಷಿಯನ್ನು ಅದೇ ಪಿಕಪ್ಪಿನಲ್ಲಿ ಕಳಿಸುವವರಿದ್ದರು. ಪೆಟ್ಟಿಗೆಗಳನ್ನು ಹೇರುವ ನಡುವೆ ಮಗ ತನ್ನ ಕಷ್ಟ ತೋಡಿಕೊಂಡ. ಮಾಸ್ತರರು ಪುಸ್ತಕವನ್ನು ತಿರುವಿ ನೋಡಿ, ಮೊದಲು ಕೇಳಿದ ಪ್ರಶ್ನೆ ಡೀಸೆಲ್ಲಿನದಲ್ಲ.

“ಈ ಕಿಲೋಮೀಟರ್ ಯಾರು ಎಣಿಸ್ಯಾರು?”

“ಮೀಟರ್ ಎಣಿಸೈತ್ರಿ ಸರ, ಮತ್ತ್ಯಾರು?”

“ಮೀಟರಿಗೆ ದಾರಿ ಕಾಣಸೂದಿಲ್ಲಪಾ. ಅದು ಗಾಲಿ ಎಷ್ಟ ಸುತ್ತು ತಿರುಗಿತು ಅನ್ನೂದಷ್ಟ ಎಣಸತೈತಿ. ಗಾಲಿ ಬದಲಾಗೈತಿ ಅಂತ ಅದಕ್ಕ ಹೇಳಿದವರ್ಯಾರು?”

ಇಲ್ಲಿಯೇ ಇದೆ ಮೊದಲನೆಯ ಗುಟ್ಟು. ಗಾಡಿಯ ಮೀಟರು ದಾರಿಯನ್ನು ಅಳೆಯುವುದಿಲ್ಲ. ಗೇರುಪೆಟ್ಟಿಗೆಯಿಂದ ಹಿಂದಿನ ಗಾಲಿಗೆ ಹೋಗುವ ತಿರುಗಾಟವನ್ನು ಎಣಿಸಿ, ಕಂಪನಿಯವರು ಹಾಕಿಕೊಟ್ಟ ಟೈರಿನ ಸುತ್ತಳತೆಯಿಂದ ಗುಣಿಸಿ ತೋರಿಸುತ್ತದೆ. 145 ಆರ್ 12 ಟೈರು ಒಂದು ಸುತ್ತಿಗೆ ಸುಮಾರು 1.70 ಮೀಟರು ಸಾಗಿದರೆ, 578 ಮಿಲಿಮೀಟರು ಎತ್ತರದ 155 ಆರ್ 13 ಟೈರು ಸುಮಾರು 1.82 ಮೀಟರು ಸಾಗುತ್ತದೆ. ಒಂದು ಕಿಲೋಮೀಟರಿಗೆ ಮೊದಲಿನದು 587 ಸುತ್ತು ಹಾಕಬೇಕು, ಎರಡನೆಯದಕ್ಕೆ 551 ಸಾಕು. ವ್ಯತ್ಯಾಸ ನೂರಕ್ಕೆ ಆರೂವರೆ. ಆದ್ದರಿಂದ ಗಾಡಿ ನಿಜವಾಗಿ 300 ಕಿಲೋಮೀಟರು ಓಡಿದ್ದರೂ ಮೀಟರು 281 ಎಂದೇ ಸಾಧಿಸುತ್ತದೆ. ಉಳಿದ 19 ಕಿಲೋಮೀಟರು ಎಲ್ಲಿಯೂ ಕಳೆದುಹೋಗಿಲ್ಲ. ಎಣಿಕೆಗೆ ಬಂದಿಲ್ಲ, ಅಷ್ಟೆ.

ಮಾಸ್ತರರು ಮಗನಿಗೆ ಒಂದು ಕೆಲಸ ಹಚ್ಚಿದರು. ವಿಜಯಪುರದಿಂದ ಸಾರವಾಡದ ಮೇಲೆ ಬಬಲೇಶ್ವರಕ್ಕೆ ಬರುವ ದಾರಿಯಲ್ಲಿ ಕಿಲೋಮೀಟರು ಕಲ್ಲುಗಳು ನಿಂತಿವೆಯಲ್ಲ; ಒಂದು ಕಲ್ಲಿನ ಬಳಿ ಮೀಟರನ್ನು ಬರೆದುಕೊಂಡು, 20ನೆಯ ಕಲ್ಲಿನ ಬಳಿ ಮತ್ತೆ ಬರೆದುಕೊಳ್ಳುವುದು. ಕೈಯಲ್ಲಿರುವ ಮೊಬೈಲಿನ ನಕ್ಷೆಯೂ ದೂರವನ್ನು ಹೇಳುತ್ತದೆ. ಆದರೆ ಮಾಸ್ತರರ ಜನಾಂಗಕ್ಕೆ ಕಲ್ಲಿನ ಮೇಲೆಯೇ ಹೆಚ್ಚು ನಂಬಿಕೆ. ಕಲ್ಲು 20 ಎಂದಾಗ ಮೀಟರು 18.8 ಎಂದಿತು. ಅದಾದ ಮೇಲೆ ಟಾಕಿ ತುಂಬಿಸುವ ಪ್ರಯೋಗ. ಒಂದೇ ಬಂಕು, ಒಂದೇ ಪಂಪು. ತುಂಬಿ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿ ಸುರಿಯಬಾರದು. ಸರಿಸುಮಾರು ಒಂದೇ ಹೊರೆ, ಒಂದೇ ದಾರಿ. ಒಂದು ದಿನದ ಲೆಕ್ಕ ಲೆಕ್ಕವಲ್ಲ. ನಾಲ್ಕಾರು ಸಲದ್ದನ್ನು ಕೂಡಿಸಿ ಭಾಗಿಸಬೇಕು.

ಹಾಗೆ ಕೂಡಿಸಿ ನೋಡಿದಾಗ 300 ಕಿಲೋಮೀಟರಿನ ನಿಜವಾದ ದಾರಿಗೆ ಹಿಂದೆ 16.7 ಲೀಟರು ಬೇಕಾಗುತ್ತಿದ್ದದ್ದು ಈಗ 17.2 ಲೀಟರಾಗಿತ್ತು. ಮಗ 281ನ್ನು 17.2ರಿಂದ ಭಾಗಿಸಿ 16.3 ಎಂದು ಕಣ್ಣೀರಿಟ್ಟಿದ್ದ. ಭಾಗಿಸಬೇಕಾದದ್ದು 300ನ್ನು, ಬರುವ ಉತ್ತರ 17.4. ಅಂದರೆ ಎಣ್ಣೆ ಹೆಚ್ಚು ಹೋಗುತ್ತಿದ್ದದ್ದು ನಿಜ. ಆದರೆ ಅವನು ತಿಳಿದುಕೊಂಡಿದ್ದ ನಷ್ಟದಲ್ಲಿ ಮೂರರಲ್ಲಿ ಎರಡು ಪಾಲು ಬರಿಯ ನೆರಳು.

ಉಳಿದ ಆ ಒಂದು ಪಾಲು ಎಲ್ಲಿಂದ ಬಂತು? ತಂದೆಯ ಅನುಭವ ಸುಳ್ಳೆ? ಇದಕ್ಕೆ ಮಾಸ್ತರರು ಕೊಟ್ಟ ಉತ್ತರ ಸ್ವಾರಸ್ಯವಾದದ್ದು.

ಚಕ್ಕಡಿಯ ಗಾಲಿಯನ್ನು ಯಾರೂ ತಿರುಗಿಸುವುದಿಲ್ಲ. ಎತ್ತು ನೊಗವನ್ನು ಎಳೆಯುತ್ತದೆ, ನೊಗ ಗಾಡಿಯನ್ನು ಎಳೆಯುತ್ತದೆ, ಗಾಲಿ ಪಾಪ ತನ್ನ ಪಾಡಿಗೆ ಉರುಳುತ್ತ ಹಿಂಬಾಲಿಸುತ್ತದೆ. ಅಲ್ಲಿ ಗಾಲಿಯ ಎತ್ತರ ಎತ್ತಿನ ಪಕ್ಷ. ಪಿಕಪ್ಪಿನಲ್ಲಿ ಹಾಗಲ್ಲ. ಅಲ್ಲಿ ಎಳೆಯುವ ಎತ್ತೇ ಇಲ್ಲ. ಎಂಜಿನು ಅಚ್ಚನ್ನು ತಿರುಚುತ್ತದೆ, ತಿರುಚಿದ ಬಲ ಟೈರಿನ ತುದಿಯಲ್ಲಿ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ಆ ಒದೆತದಿಂದ ಗಾಡಿ ಮುಂದಕ್ಕೆ ಹೋಗುತ್ತದೆ. ಅಚ್ಚಿನಿಂದ ನೆಲಕ್ಕೆ ಇರುವ ದೂರ ಹೆಚ್ಚಾದರೆ ಒದೆತದ ಬಲ ಆ ಪ್ರಮಾಣದಲ್ಲಿಯೇ ಕಡಿಮೆಯಾಗುತ್ತದೆ. ಬಾವಿಯ ರಾಟೆಗೆ ದಪ್ಪನೆಯ ದಿಂಡು ಹಾಕಿ ನೀರು ಸೇದಿದವರಿಗೆ ಇದು ಗೊತ್ತು: ದಿಂಡು ದಪ್ಪವಾದಷ್ಟೂ ಒಂದು ಸುತ್ತಿಗೆ ಹಗ್ಗ ಹೆಚ್ಚು ಸುತ್ತುತ್ತದೆ, ಕೈಗೆ ಭಾರವೂ ಹೆಚ್ಚುತ್ತದೆ. ಅದೇ ಗೇರು, ಅದೇ ಎಂಜಿನು. 271 ಮಿಲಿಮೀಟರಿದ್ದ ತ್ರಿಜ್ಯ 289 ಆದದ್ದಕ್ಕೆ ನೆಲವನ್ನು ಒದೆಯುವ ಬಲ ನೂರಕ್ಕೆ ಆರರಷ್ಟು ಇಳಿಯಿತು. ಚಕ್ಕಡಿಯಲ್ಲಿ ಸನ್ನೆಗೋಲಾಗಿದ್ದ ಅರೆ ಇಲ್ಲಿ ಎದುರಾಳಿಯಾಯಿತು. ಗಾಲಿ ಒಂದೇ, ಬಲ ಹೊರಗಿನಿಂದ ಬರುತ್ತದೆಯೋ ಒಳಗಿನಿಂದ ಬರುತ್ತದೆಯೋ ಎಂಬುದರ ಮೇಲೆ ಅದರ ಗುಣವೇ ತಲೆಕೆಳಗಾಗುತ್ತದೆ.

ಹಾಗೆಂದು ದೊಡ್ಡ ಟೈರು ಎಲ್ಲೆಲ್ಲಿಯೂ ಎಣ್ಣೆ ಕುಡಿಯುತ್ತದೆ ಎನ್ನುವುದೂ ಸರಿಯಲ್ಲ. ಹೊರೆಯಿಲ್ಲದೆ ಸಮತಟ್ಟಾದ ಡಾಂಬರು ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ, ದೊಡ್ಡ ಟೈರಿನ ಗಾಡಿಯ ಎಂಜಿನು ಅದೇ ವೇಗಕ್ಕೆ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುತ್ತದೆ. ಆಗ ಎಣ್ಣೆ ಒಂದು ಕೂದಲೆಳೆಯಷ್ಟು ಉಳಿದರೂ ಉಳಿಯಬಹುದು. ಆದರೆ ವಿಜಯಪುರದ ಪಿಕಪ್ಪಿನ ಬಾಳು ಹಾಗಿದೆಯೆ? ಹೊರೆಯ ತುಂಬ ಕ್ರೇಟು, ತೋಟದಿಂದ ರಸ್ತೆಗೆ ಏರು, ಊರಿನೊಳಗೆ ಹಂಪು, ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಸರಿಯುವ ಸಾಲು. ಮೊದಲು ನಾಲ್ಕನೆಯ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಮೂರನೆಯದು ಬೇಕಾಗುತ್ತದೆ. ಅಲ್ಲಿಗೆ ಉಳಿದದ್ದೆಲ್ಲ ಹೋಯಿತು. ಭಾರವಾದ ರಿಮ್ಮು, ಭಾರವಾದ ಟೈರು. ನಿಂತು ಹೊರಡುವಾಗಲೆಲ್ಲ ಆ ಭಾರವನ್ನು ಮುಂದಕ್ಕೆ ನೂಕುವುದಷ್ಟೇ ಅಲ್ಲ, ತಿರುಗಿಸಲೂ ಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಆ ಲಗ್ ಕಟ್ಟು. ಟೈರು ಉರುಳುವಾಗ ನೆಲಕ್ಕೆ ತಾಗಿದ ರಬ್ಬರು ಚಪ್ಪಟೆಯಾಗುತ್ತದೆ, ಬಿಟ್ಟಾಗ ಮೊದಲಿನಂತಾಗುತ್ತದೆ. ಚಪ್ಪಟೆಯಾಗಲು ತೆಗೆದುಕೊಂಡ ಶಕ್ತಿಯನ್ನು ಅದು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಒಂದಿಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ದೂರ ಓಡಿ ಬಂದ ಟೈರಿನ ಮೇಲೆ ಕೈಯಿಟ್ಟರೆ ತಾಗುವ ಬಿಸಿ, ಟಾಕಿಯಲ್ಲಿದ್ದ ಡೀಸೆಲ್ಲೇ. ದಪ್ಪ ರಬ್ಬರು, ಆಳವಾದ ಕಟ್ಟು ಇದ್ದಷ್ಟೂ ಈ ನಷ್ಟ ಹೆಚ್ಚು. ಅಮೆರಿಕದ ಸಾರಿಗೆ ಸಂಶೋಧನಾ ಮಂಡಳಿ 2006ರ ವರದಿಯಲ್ಲಿ ಕಂಡುಕೊಂಡಂತೆ, ಟೈರಿನ ಉರುಳು-ತಡೆಯನ್ನು ನೂರಕ್ಕೆ ಹತ್ತು ಇಳಿಸಿದರೆ ಸಾಮಾನ್ಯ ಕಾರುಗಳಲ್ಲಿ ಇಂಧನ ನೂರಕ್ಕೆ ಒಂದರಿಂದ ಎರಡು ಉಳಿಯುತ್ತದೆ. ನಮ್ಮಲ್ಲಿಯೂ 2022ರಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಉರುಳು-ತಡೆ, ಒದ್ದೆ ನೆಲದ ಹಿಡಿತ, ಸದ್ದು ಈ ಮೂರಕ್ಕೂ ಮಿತಿ ಗೊತ್ತುಮಾಡಿ ನಿಯಮ ಹೊರಡಿಸಿತು. ಕಾರು ಬಸ್ಸುಗಳಂತೆ ಹಗುರ ಸರಕು ಗಾಡಿಯ ಟೈರುಗಳಿಗೂ ಅದು ಅನ್ವಯಿಸುತ್ತದೆ.

ಗಾಳಿ ತುಂಬಿದ ಟೈರಿನ ಹುಟ್ಟಿನಲ್ಲಿಯೂ ಒಬ್ಬ ತಂದೆ ಮತ್ತು ಒಬ್ಬ ಮಗ ಇದ್ದರೆಂಬುದನ್ನು ಇಲ್ಲಿ ನೆನೆಯಬಹುದು. 1845ರಲ್ಲಿಯೇ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಗಾಳಿಗಾಲಿಗೆ ಪೇಟೆಂಟು ಪಡೆದಿದ್ದರೂ ಜಗತ್ತು ಅದನ್ನು ಮರೆತಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಣಿಯುವುದನ್ನು ನೋಡಲಾರದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. ಆತ ಮಾಡಿದ ಪರೀಕ್ಷೆ ಬಹಳ ಸರಳ: ಹಳೆಯ ಗಾಲಿಯನ್ನೂ ಗಾಳಿಯ ಗಾಲಿಯನ್ನೂ ಅಂಗಳದಲ್ಲಿ ಒಂದಾದ ಮೇಲೊಂದರಂತೆ ಉರುಳಿಬಿಟ್ಟ. ಗಾಳಿಯದು ಬಹು ದೂರ ಹೋಯಿತು. ಎತ್ತು ಕುದುರೆಗಳಿಗೆ ಮದ್ದು ಕೊಡುತ್ತಿದ್ದವನಿಗೆ ಗಾಲಿಯ ಗುಟ್ಟು ಸಿಕ್ಕಿದ್ದು ಗಾತ್ರದಲ್ಲಲ್ಲ, ಗಾಳಿಯಲ್ಲಿ.

ಮಾಸ್ತರರೂ ಕೊನೆಗೆ ಅಲ್ಲಿಗೇ ಬಂದರು. ಮಗನ ಗಾಡಿಯ ನಾಲ್ಕೂ ಟೈರುಗಳ ಗಾಳಿಯನ್ನು ಬೆಳಗಿನ ತಂಪಿನಲ್ಲಿ ಅಳೆಸಿದರು. ಕಂಪನಿಯ ಫಲಕದಲ್ಲಿ ಬರೆದದ್ದಕ್ಕಿಂತ ಎಲ್ಲವೂ ಬಹಳ ಕಡಿಮೆ ಇದ್ದವು. ಕೆಸರಿನಲ್ಲಿ ಹಿಡಿತ ಸಿಗಲೆಂದು ಮಗನೇ ಇಳಿಸಿ, ಮತ್ತೆ ತುಂಬುವುದನ್ನು ಮರೆತಿದ್ದ. ಗಾಳಿ ಒಂದೊಂದು ಪೌಂಡು ಇಳಿದಾಗಲೂ ಇಂಧನದಲ್ಲಿ ನೂರಕ್ಕೆ 0.2ರಷ್ಟು ನಷ್ಟವೆಂದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಹತ್ತು ಪೌಂಡು ಇಳಿದರೆ ನೂರಕ್ಕೆ ಎರಡು! ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಮಧ್ಯಾಹ್ನ ಓಡಿ ಬಂದ ಟೈರನ್ನು ಅಳೆದು ‘ಹವಾ ಬರೋಬ್ಬರಿ ಐತಿ’ ಎನ್ನುವವರೇ ಹೆಚ್ಚು. ಬಿಸಿಗೆ ಗಾಳಿ ಹಿಗ್ಗಿ ಸುಳ್ಳು ಹೇಳುತ್ತದೆ. ಹೊತ್ತು ಮೂಡುವ ಮೊದಲು ಅಳೆದದ್ದೇ ಸರಿಯಾದ ಅಳತೆ.

ಇಷ್ಟು ಲೆಕ್ಕವಾದ ಮೇಲೆ ಮಗ ಎಣ್ಣೆಯ ಖರ್ಚನ್ನು ಹಣದಲ್ಲಿ ನೋಡಿದ. ತಿಂಗಳಿಗೆ 2,500 ಕಿಲೋಮೀಟರು ಓಟ, ಲೆಕ್ಕಕ್ಕೆ ಲೀಟರಿಗೆ 90 ರೂಪಾಯಿ. ಹಳೆಯ ಟೈರಿಗೂ ಹೊಸ ಟೈರಿಗೂ ವ್ಯತ್ಯಾಸ ತಿಂಗಳಿಗೆ ಐದು ಲೀಟರಿನೊಳಗೆ, 430 ರೂಪಾಯಿ. ಅವನು 1,300 ಎಂದು ತಿಳಿದಿದ್ದ. ಮುಖ ಅರಳಿತು. ಆದರೆ ಮಾಸ್ತರರು ಪುಸ್ತಕವನ್ನು ಮುಚ್ಚಲಿಲ್ಲ.

“ನಿನ್ನ ಬಾಡಿಗಿ ಹ್ಯಾಂಗ ಇಸಗೊಳ್ತಿ? ಖೇಪಿಗೋ, ಕಿಲೋಮೀಟರಿಗೋ?”

“ಕಿಲೋಮೀಟರಿಗೆರಿ. ಮೀಟರ್ ನೋಡಿ ಕೊಡ್ತಾರ.”

ಹೇಳಿದವನಿಗೇ ಮಾತು ಗಂಟಲಲ್ಲಿ ನಿಂತಿತು. 2,500 ಕಿಲೋಮೀಟರು ಓಡಿದ ಗಾಡಿಯ ಮೀಟರು ತೋರಿಸುತ್ತಿದ್ದದ್ದು 2,345. ಕಿಲೋಮೀಟರಿಗೆ 15 ರೂಪಾಯಿಯಂತೆ 155 ಕಿಲೋಮೀಟರಿನ ಬಾಡಿಗೆ, 2,325 ರೂಪಾಯಿ, ತಿಂಗಳು ತಿಂಗಳು ವ್ಯಾಪಾರಿಗಳ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು. ಕಳ್ಳ ಟಾಕಿಯಲ್ಲಿದ್ದಾನೆಂದು ಇವನು ಟಾಕಿಯನ್ನು ಕಾಯುತ್ತ ಕುಳಿತಿದ್ದ. ಕಳ್ಳತನ ನಡೆಯುತ್ತಿದ್ದದ್ದು ಮೀಟರಿನಲ್ಲಿ. ಅದೂ ಯಾರೂ ಮಾಡಿದ ಕಳ್ಳತನವಲ್ಲ. ಪಾಪ, ವ್ಯಾಪಾರಿಗಳು ಕಂಡ ಅಂಕಿಗೆ ಸರಿಯಾಗಿಯೇ ಕೊಡುತ್ತಿದ್ದರು.

ಈ ಮೀಟರಿನ ಸುಳ್ಳು ಬರಿಯ ಹಣದ್ದಲ್ಲ ಎಂಬುದನ್ನೂ ಸೇರಿಸಬೇಕು. ಮುಳ್ಳು 50 ತೋರಿಸುವಾಗ ಗಾಡಿ 53ರ ಮೇಲೆ ಓಡುತ್ತಿರುತ್ತದೆ. ಬ್ರೇಕು ಹಿಡಿಯುವುದೂ ಅಚ್ಚಿನ ಬಳಿಯಲ್ಲಿಯೇ ಆದ್ದರಿಂದ, ಎಂಜಿನಿನ ಒದೆತ ಎಷ್ಟು ಕುಗ್ಗಿತೋ ಬ್ರೇಕಿನ ಹಿಡಿತವೂ ಅಷ್ಟೇ ಕುಗ್ಗುತ್ತದೆ. ವೇಗ ಹೆಚ್ಚು, ಹಿಡಿತ ಕಡಿಮೆ. ಎದುರಿಗೆ ಶಾಲೆ ಬಿಟ್ಟ ಮಕ್ಕಳು. ಎಂಜಿನ್ ಎಣ್ಣೆ ಬದಲಿಸುವ ಹೊತ್ತೂ ಮೀಟರಿನ ಮಾತು ಕೇಳಿ ಮುಂದೆ ಹೋಗುತ್ತದೆ. ಸರಕು ವಾಹನದ ನೋಂದಣಿಪತ್ರದಲ್ಲಿ ಟೈರಿನ ಅಳತೆಯನ್ನು ಅಚ್ಚಿನ ಭಾರದೊಡನೆ ನಮೂದಿಸಿರುತ್ತಾರೆ. ಕಂಪನಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಫಿಟ್‌ನೆಸ್ಸಿಗೆ ಒಯ್ದ ದಿನ, ಇಲ್ಲವೆ ಅಪಘಾತದ ಮರುದಿನ ವಿಮೆಯವರ ಮುಂದೆ ಈ ಕಲಮಿನ ನೆನಪಾಗುವುದು ಬೇಡ.

ಇಷ್ಟೆಲ್ಲಕ್ಕೆ ಬದಲಾಗಿ ದೊಡ್ಡ ಟೈರು ಕೊಟ್ಟದ್ದೇನು? ಎತ್ತರ ಹೆಚ್ಚಿದ್ದು 36 ಮಿಲಿಮೀಟರು. ಅಚ್ಚು ಗಾಲಿಯ ನಡುವಿನಲ್ಲಿರುವುದರಿಂದ ಅದರಲ್ಲಿ ಅರ್ಧ ಮಾತ್ರ, ಎಂದರೆ 18 ಮಿಲಿಮೀಟರು, ಗಾಡಿಯ ಹೊಟ್ಟೆಯ ಕೆಳಗೆ ಸಿಗುತ್ತದೆ. ಹೆಬ್ಬೆರಳಿನ ಅಗಲ. ಎರೆಮಣ್ಣಿನ ಮಳೆಗಾಲದ ಜಾಡು ಗೇಣುದ್ದ ಆಳವಿರುವಾಗ ಒಂದು ಹೆಬ್ಬೆರಳು ಎಷ್ಟರ ಮಟ್ಟಿಗೆ ಕಾಪಾಡೀತು! ಕೆಸರಿನಲ್ಲಿ ಲಗ್ ಕಟ್ಟು ನೆರವಾದದ್ದುಂಟು. ಅದನ್ನು ಮುದುಕರು ಒತ್ತಿ ಹೇಳಿದರು, ಮಾಸ್ತರರೂ ಒಪ್ಪಿದರು. ಆದರೆ ವರ್ಷದಲ್ಲಿ ಕೆಸರಿನ ದಿನಗಳು ಎಷ್ಟು? ಮಳೆಯೇ ಅಪರೂಪವಾದ ಈ ಸೀಮೆಯಲ್ಲಿ ನಾಲ್ಕು ದಿನದ ರಾಡಿಗಾಗಿ ವರ್ಷವಿಡೀ ಬೂಟು ಹಾಕಿಕೊಂಡು ಓಡುವುದು ದುಬಾರಿಯ ಶೋಕಿ. ತೋಟದ ದಾರಿಗೆ ಮಡ್ಡಿಯಿಂದ ಎರಡು ಟ್ರೇಲರು ಗರಸು ತಂದು ಹಾಕಿಸಿದ್ದರೆ ಟೈರಿನ ದುಡ್ಡಿನಲ್ಲಿ ಅರ್ಧವೂ ಆಗುತ್ತಿರಲಿಲ್ಲ.

ಮಗನಿಗೆ ಇದನ್ನೆಲ್ಲ ಒಪ್ಪುವುದು ಕಷ್ಟವಾಗಲಿಲ್ಲ. ಅಂಕಿಗಳು ಅವನ ಭಾಷೆ. ಮುದುಕರಿಗೆ ಒಪ್ಪಿಸುವುದೇ ಕಷ್ಟವಾಯಿತು. ಮಾಸ್ತರರು ತಮ್ಮ ಅಂಗಳದಲ್ಲಿದ್ದ ಮೊಮ್ಮಗನ ಸೈಕಲ್ಲನ್ನು ತಂದು ನಿಲ್ಲಿಸಿದರು. ಮೊದಲು ಹ್ಯಾಂಡಲ್ಲು ಹಿಡಿದು ಎಳೆಯಲು ಹೇಳಿದರು, ಸುಲಭವಾಗಿ ಬಂತು. ಅನಂತರ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಪೆಡಲನ್ನು ಕೈಯಿಂದ ಒತ್ತುತ್ತ, ಹಿಂದಿನ ಗಾಲಿಯನ್ನು ಒಮ್ಮೆ ಅಂಚಿನಲ್ಲಿ, ಒಮ್ಮೆ ಅಚ್ಚಿನ ಹತ್ತಿರ ಅರೆಗಳ ಬುಡದಲ್ಲಿ ಹಿಡಿದು ತಡೆಯಲು ಹೇಳಿದರು. ಅಂಚಿನಲ್ಲಿ ಮುದುಕರ ಎರಡು ಬೆರಳು ಸಾಕಾದವು. ಬುಡದಲ್ಲಿ ಇಡೀ ಮುಷ್ಟಿಯೂ ಜಾರಿತು.

ಮುದುಕರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಂಗಾರ ಎಂಜಿನ್ ಒಳಗ ಕುಂತು ತಿರುವತೈತಿ ಅನ್ರಿ. ಎತ್ತು ಹೊರಗ ನಿಂತು ಎಳೀತಿತ್ತು” ಎಂದರು.

“ಅಷ್ಟರಿ ಕಾಕಾ. ನೀವು ಹೇಳಿದ್ದು ಎತ್ತಿಗೆ ಖರೇನ ಐತಿ. ಇದಕ್ಕ ಎತ್ತಿಲ್ಲ, ಅಷ್ಟ.”

ಮಗ ಹಳೆಯ ಅಳತೆಗೆ ಮರಳಿದ. ಹೊಸ 145 ಆರ್ 12 ಟೈರು ಹಾಕಿಸಿದ ಮೊದಲ ವಾರ ಎವರೇಜು ಹಳೆಯ 18ಕ್ಕೆ ಪೂರ್ತಿ ಬರಲಿಲ್ಲ. ಅವನು ಗಾಬರಿಯಾಗುವ ಮೊದಲೇ ಮಾಸ್ತರರು ಹೇಳಿಯಿಟ್ಟಿದ್ದರು: ಹಳೆಯ ಟೈರು ಸವೆದಿತ್ತು. ಆರು ಮಿಲಿಮೀಟರು ಸವೆದ ಟೈರಿನ ಅಡ್ಡಳತೆ 12 ಮಿಲಿಮೀಟರು ಕುಗ್ಗಿರುತ್ತದೆ; ಅದು ಮೀಟರಿನಲ್ಲಿ ನೂರಕ್ಕೆ ಎರಡು ಹೆಚ್ಚು ತೋರಿಸುತ್ತಿತ್ತು. ಸವೆದ ರಬ್ಬರು ಉರುಳುವುದೂ ಹಗುರ. ಹೊಸ ಟೈರಿನ ಮೇಲೆ ಎಂದೂ ಮೊದಲ ದಿನವೇ ತೀರ್ಪು ಕೊಡಬಾರದು. ಮುಂದೆ ಗಾಳಿಯನ್ನು ಸರಿಯಾಗಿ ಇಟ್ಟಮೇಲೆ ಅಂಕಿ ತಾನಾಗಿಯೇ ಮೇಲೆ ಬಂತು. ಕಂತಿನ ದಿನ ಬಂದಾಗ ಮಗ ಈಗ ಮೊದಲಿನಷ್ಟು ತಡವರಿಸುವುದಿಲ್ಲ.

13 ಅಂಗುಲದ ಆ ಗಾಲಿಗಳನ್ನು ಕೊಂಡ ಅಂಗಡಿಯವನು ಅರ್ಧ ಬೆಲೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡನ್ನು ಯಾರೋ ಟ್ರೇಲರಿಗೆಂದು ಒಯ್ದರು. ಉಳಿದೆರಡನ್ನು ಮುದುಕರು ಮಾರಗೊಡಲಿಲ್ಲ. ಕಮ್ಮಾರನಿಂದ ಒಂದು ಅಚ್ಚು ಮಾಡಿಸಿ, ತೋಟದೊಳಗೆ ಕ್ರೇಟು ಸಾಗಿಸುವ ಸಣ್ಣ ಬಂಡಿಗೆ ಅವನ್ನು ಜೋಡಿಸಿದರು. ಹಂದರದ ಸಾಲುಗಳ ನಡುವೆ, ಪಿಕಪ್ಪು ಕಾಲಿಡಲಾರದ ಒದ್ದೆ ನೆಲದಲ್ಲಿ, ಮನೆಯಲ್ಲಿ ಉಳಿದಿರುವ ಒಂದೇ ಎತ್ತು ಅದನ್ನು ಎಳೆಯುತ್ತದೆ. ಬಲು ಹಗುರವಾಗಿ ಬರುತ್ತದೆಯಂತೆ.